ಸಿಗದ ಕಲ್ಲು

ಮಾರ್ಚ್ ನಾಲ್ಕರ ಬೆಳಿಗ್ಗೆ ಜೋಲೀನ್ ಸ್ಟಂಬೊ ಠಾಣೆಗೆ ಬಂದು, ಇಲ್ಲದ ಕಲ್ಲೊಂದನ್ನು ತನ್ನ ತಲೆಗೆ ಕಟ್ಟಿದ್ದಾರೆಂದು ದೂರು ಕೊಟ್ಟಳು. ಒಹಾಯೊದ ಆ ಊರಿನಲ್ಲಿ ಶಾಲಾ ಬಸ್ಸು ಓಡಿಸುವವಳು. ಅರ್ಧ ಊರನ್ನು ಗದರಿಸಿದ ಗಂಟಲು. ಪತ್ತೇದಾರ ಗಾರ್ಲೆಂಡ್ ಪ್ರೂಯಿಟ್ ಕಾಫಿಯನ್ನು ಪಕ್ಕಕ್ಕೆ ಸರಿಸಿದ.

"ಯಾವ ಕಲ್ಲಮ್ಮಾ?"

"ಕಿಡ್ನೀದು. ಹೋದ ವರ್ಷ ಡಾಕ್ಟರ್ ಥಾರ್ನ್ ಕೊಯ್ದು ನೋಡಿದ್ರು. ಎಚ್ಚರ ಆದಾಗ ನರ್ಸು ಏನೂ ಸಿಗ್ಲಿಲ್ಲ ಅಂದ್ಲು. ವಿಮೆಯವರ ಹತ್ರ ನೋಡಿದ್ರೆ ಕಲ್ಲು ತೆಗ್ದಿದ್ದಾರೆ ಅಂತಿದೆ! ಈಗ ನನ್ನ ತಮ್ಮ ಡ್ಯೂಯಿಗೆ ಕಿಡ್ನಿ ಕೊಡೋಣ ಅಂದ್ರೆ, ಕಲ್ಲಾಗಿದ್ದೋರ್ದು ಬೇಡ ಅಂತಾರೆ ಕಸಿ ಮಾಡೋ ಡಾಕ್ಟ್ರು."

"ತಿದ್ದಿ ಅಂತ ಕೇಳಿದ್ರಾ?"

"ಕೇಳಿ ಕೇಳಿ ಸಾಕಾಯ್ತು. ಡಾಕ್ಟರ್ ಥಾರ್ನ್ ಹೇಳಿದ್ಮೇಲೆ ಮುಗೀತಂತೆ. ನನ್ನ ತಮ್ಮ ಡಯಾಲಿಸಿಸ್ ಕುರ್ಚೀಲಿ ಸವೀತಾ ಇದಾನೆ ಸಾಹೇಬ್ರೆ."

ಪ್ರಕರಣ ದಾಖಲಾಯಿತು. ಮರುದಿನ ಪ್ರೂಯಿಟ್ ಆಸ್ಪತ್ರೆಯ ಬಿಲ್ಲಿನ ವಿಭಾಗಕ್ಕೆ ಹೋದ. ಅಲ್ಲಿ ಒಂದೊಂದು ಆಪರೇಷನ್ನಿಗೂ ಒಂದೊಂದು ಕೋಡ್: ಕೊಯ್ದು ಹುಡುಕಿ ಏನೂ ಸಿಗದಿದ್ದರೆ ಒಂದು, ಕಲ್ಲು ತೆಗೆದರೆ ಇನ್ನೊಂದು.

"ಜೋಲೀನ್‌ಗೆ ಕಲ್ಲು ತೆಗೆದ ಕೋಡ್ ಹಾಕಿದ್ಯಾರು?"

"ನಾನೇ," ಎಂದಳು ಗುಮಾಸ್ತೆ ವಾಂಡಾ. "ಡಾಕ್ಟ್ರು ಫೋನ್ ಮಾಡಿ ಹಾಕು ಅಂದ್ರು."

"ಕಲ್ಲು ನೋಡಿದ್ರಾ?"

"ನಾನ್ಯಾಕ್ ನೋಡ್ಲಿ? ನನ್ನ ಕೈಗೆ ಕೊಟ್ಟಿರೋದು ಕಂಪ್ಯೂಟರು, ಚಾಕು ಅಲ್ಲ."

ಪ್ರೂಯಿಟನಿಗೂ ಹಿಂದೊಮ್ಮೆ ಕಲ್ಲಾಗಿತ್ತು. ತೆಗೆದ ಕಲ್ಲು ಯಾವ ಬಗೆಯದೆಂದು ತಿಳಿಯಲು ಲ್ಯಾಬಿಗೆ ಕಳಿಸುತ್ತಾರೆಂಬುದು ನೋವು ತಿಂದವನಿಗೆ ಗೊತ್ತು. ನೇರ ಲ್ಯಾಬಿಗೆ ನಡೆದ. ಜೋಲೀನಳ ಕಲ್ಲು ಅಲ್ಲಿಗೆ ಬಂದೇ ಇರಲಿಲ್ಲ. ಕಲ್ಲು ತೆಗೆದೆನೆಂದು ಥಾರ್ನ್ ಬರೆಸಿದ್ದ ಇನ್ನೂ ಎಂಟು ಜನರ ಕಲ್ಲುಗಳೂ ಬಂದಿರಲಿಲ್ಲ. ಅವತ್ತು ಏನೂ ಸಿಕ್ಕಿರಲಿಲ್ಲವೆಂದು ನರ್ಸು ಹೇಳಿಕೆ ಕೊಟ್ಟಳು. ನ್ಯಾಯಾಧೀಶರು ವಾರಂಟಿಗೆ ಸಹಿ ಹಾಕಿದರು.

ಥಾರ್ನ್ ತನ್ನ ಕೋಣೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಕಲ್ಲೆಲ್ಲಿ ಡಾಕ್ಟ್ರೇ?"

ಥಾರ್ನ್ ಸ್ಯಾಂಡ್‌ವಿಚ್ ಕೆಳಗಿಟ್ಟ. "ಇರ್ಲಿಲ್ಲ."

"ದುಡ್ಡಿಗೋಸ್ಕರನಾ?"

"ನನಗೆ ಬರೋದು ಸಂಬಳ ಅಷ್ಟೇ ಕಣಯ್ಯಾ. ಥಾರ್ನ್ ಕಣ್ಣು ತಪ್ಪಲ್ಲ ಅಂತಿದ್ರು ಜನ. ಆಮೇಲೆ ತಪ್ಪೋಕೆ ಶುರುವಾಯ್ತು. ಕೊಯ್ದೆ, ಏನೂ ಸಿಗ್ಲಿಲ್ಲ ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

"ಡ್ಯೂಯಿ ಗೊತ್ತಾ?"

"ಯಾರು?"

ಆ ಒಂದು ಮಾತಿಗೆ ಪ್ರೂಯಿಟನಿಗೆ ಮೈಯೆಲ್ಲ ಉರಿಯಿತು. ಬೇಡಿ ತೊಡಿಸಿದ.

ದಾಖಲೆ ತಿದ್ದುಪಡಿಯಾಯಿತು. ಕಿಡ್ನಿ ಕೊಡಲು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಜೋಲೀನ್ ಫೋನ್ ಮಾಡಿದಳು.

"ಯಾಕಂತೆ ಸಾಹೇಬ್ರೆ ಹಂಗ್ ಮಾಡಿದ್ದು?"

"ಏನೂ ಸಿಗ್ಲಿಲ್ಲ ಅನ್ನೋಕೆ ನಾಚಿಕೆಯಂತೆ."



"ಅಯ್ಯೋ ಪಾಪಿ," ಎಂದಳು. "ಅವತ್ತು ನರ್ಸು ಆ ಮಾತು ಹೇಳಿದಾಗ ನಾನು ಖುಷೀಲಿ ಅತ್ತುಬಿಟ್ಟಿದ್ದೆ ಕಣ್ರೀ."