ಹೂಂ ಎಂದವನ ಶಾಂಘೈ ಪ್ರವಾಸ

ಶಿವಯೋಗೀಶನನ್ನು ಕೆಡಿಸಿದ್ದು ದುರಾಸೆಯಲ್ಲ, ಒಂದು ಶಬ್ದ. ಸಿಂಗಪುರದ ಉಬಿಯಲ್ಲಿ ಎಲೆಕ್ಟ್ರಾನಿಕ್ ಚಿಪ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ಅವನು ಹದಿನಾಲ್ಕು ವರ್ಷ ಸ್ಟೋರ್ಸ್ ನೋಡಿಕೊಂಡಿದ್ದ. ಮೇಲಿನ ಕುರ್ಚಿ ಖಾಲಿಯಾದಾಗ ಅದು ತನಗೇ ಎಂದುಕೊಂಡು ಎರಡು ಹೊಸ ಶರ್ಟು ಹೊಲಿಸಿಕೊಂಡಿದ್ದ. ಕುರ್ಚಿಯ ಮೇಲೆ ಬಂದು ಕೂತವನು ಮೈಸೂರಿನ ಸುಘೋಷ್, ವಯಸ್ಸು ಮೂವತ್ತೊಂದು. ಬಂದ ಮೊದಲ ದಿನವೇ ಇಡೀ ಡಿಪಾರ್ಟ್‌ಮೆಂಟಿನ ಮುಂದೆ ಕೈ ಕುಲುಕಿ, "ಅಂಕಲ್, ನೀವಿನ್ನು ರಿಲ್ಯಾಕ್ಸ್ ಮಾಡಿ. ಸಿಸ್ಟಮ್ ಎಲ್ಲಾ ನಾನು ಅಪ್‌ಗ್ರೇಡ್ ಮಾಡ್ತೀನಿ" ಅಂದ. ಕನ್ನಡದಲ್ಲಿ ಅಂದ, ಪ್ರೀತಿಯಿಂದಲೇ ಅಂದ. ಅದೇ ಚುಚ್ಚಿದ್ದು. ಮರುದಿನದಿಂದ ಪ್ಯಾಕಿಂಗಿನ ಚೀನೀ ಹುಡುಗಿಯರು, ಲಾರಿಯ ಮಲಯ್ ಡ್ರೈವರು, ಕಸ ಗುಡಿಸುವ ಅರವತ್ತರ ಮುದುಕಿ ಕೂಡ ಅವನಿಗೆ ಅಂಕಲ್ ಅನ್ನತೊಡಗಿದರು. ಆಗ ಅವನಿಗೆ ನಲವತ್ತೆಂಟು.

ಆ ಕಾರ್ಖಾನೆಯಲ್ಲಿ ಚಿನ್ನವಿತ್ತು. ಕೂದಲಿಗಿಂತ ಸಣ್ಣ ಎಳೆ. ಚಿಪ್‌ನೊಳಗೆ ಹೊಲಿಗೆ ಹಾಕುವುದಕ್ಕೆ. ರೀಲಿನ ಕೊನೆಗಳು, ತುಂಡುಗಳು, ಸಿಕ್ಕುಗಟ್ಟಿದ ಉಂಡೆಗಳು ಸ್ಟೀಲ್ ಕಪಾಟಿನ ಡಬ್ಬಿಗಳಲ್ಲಿ ಬೀಳುತ್ತಿದ್ದವು. ರೇಟು ವರ್ಷವರ್ಷಕ್ಕೂ ಏರುತ್ತಲೇ ಇದ್ದದ್ದರಿಂದ ಮಾಲೀಕ ಅದನ್ನು ಮಾರದೆ ಕೂಡಿಡುತ್ತಿದ್ದ. ಕಪಾಟಿನ ಕೀಲಿ ಶಿವಯೋಗೀಶನ ಸೊಂಟದಲ್ಲಿತ್ತು. ನಾಲ್ಕು ವರ್ಷ ಅವನು ಅವಸರ ಮಾಡದೆ, ಸ್ವಲ್ಪ ಸ್ವಲ್ಪವಾಗಿ, ಆ ಎಳೆಗಳನ್ನು ಹೊರಗೆ ತಂದು ಅದೇ ತೂಕದ, ಚಿನ್ನದ ನೀರು ಕೊಟ್ಟ ತಾಮ್ರದ ಎಳೆಗಳನ್ನು ಒಳಗಿಟ್ಟ. ತಪಾಸಣೆಗೆ ಬಂದವರು ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಅಂಕಿ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಹೊರಬಿದ್ದ ಚಿನ್ನ ಹುಬ್ಬಳ್ಳಿಯ ಕಾಲೇಜು ಗೆಳೆಯ ದಿವಾಕರನ ಕೈಗೆ. ಈಗ ದುಬೈನಲ್ಲಿ ಚಿನ್ನದ ಅಂಗಡಿ ಇಟ್ಟಿದ್ದ ದಿವಾಕರ ವರ್ಷಕ್ಕೆರಡು ಸಲ ಸಿಂಗಪುರಕ್ಕೆ ಬರುತ್ತಿದ್ದ. ಬರುವಾಗ ಕೊರಳು ಬರಿದು, ಹೋಗುವಾಗ ಎಮ್ಮೆ ಕಟ್ಟುವ ಸರಪಳಿಯಂಥದೊಂದು. ಶಿವಯೋಗೀಶನ ಪಾಲಿನ ಹಣ ದುಬೈನಲ್ಲೇ ಕೂಡುತ್ತಿತ್ತು.

ಎಲ್ಲ ಹೀಗೇ ನಡೆಯುತ್ತಿತ್ತೋ ಏನೋ. ಆದರೆ ೨೦೦೬ರ ಸೆಪ್ಟೆಂಬರಿನಲ್ಲಿ ಸುಘೋಷ್ ಪಿಸ್ತೂಲಿನಂಥ ಒಂದು ಯಂತ್ರ ತರಿಸಿದ. ಲೋಹಕ್ಕೆ ಗುರಿಯಿಟ್ಟು ಕುದುರೆ ಒತ್ತಿದರೆ ಚಿನ್ನವೆಷ್ಟು, ಬೇರೆಯದೆಷ್ಟು ಎಂದು ಹೇಳಿಬಿಡುತ್ತದಂತೆ. ಅದು ಬಂದು ಮುಟ್ಟಿತೆಂದು ಸಹಿ ಹಾಕಿದವನು ಸ್ಟೋರ್ಸ್ ಮ್ಯಾನೇಜರ್ ಶಿವಯೋಗೀಶನೇ. "ನವೆಂಬರ್ ಇಪ್ಪತ್ತು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕಪಾಟಿಂದಾನೇ ಸ್ಟಾರ್ಟ್ ಮಾಡೋಣ ಅಂಕಲ್" ಅಂದ ಸುಘೋಷ್. ಶಿವಯೋಗೀಶನಿಗೆ ಭಯಕ್ಕಿಂತ ಮೊದಲು ಆದದ್ದು ಆಯಾಸ. ಮನೆಯಿದ್ದ ಬುಕಿತ್ ಪಂಜಾಂಗಿನಿಂದ ಎಲ್‌ಆರ್‌ಟಿ ಎಂಬ ಪುಟ್ಟ ರೈಲು, ಅಲ್ಲಿಂದ ಎಂಆರ್‌ಟಿ ಎಂಬ ದೊಡ್ಡ ರೈಲು, ಆಮೇಲೆ ಬಸ್ಸು, ಹೀಗೆ ದಿನಕ್ಕೆ ಮೂರು ತಾಸು ನಿಂತುಕೊಂಡೇ ಆಯುಷ್ಯ ಸವೆಸಿದವನಿಗೆ ಇನ್ನು ಓಡುವುದು ಬೇರೆ ಬಾಕಿ ಇತ್ತು.

ಆದರೆ ಓಡಿಹೋಗುವವರ ತಪ್ಪೇನೆಂದು ಅವನಿಗೆ ಗೊತ್ತಿತ್ತು. ಅವರು ಓಡುತ್ತಾರೆ. ಒಬ್ಬಂಟಿಯಾಗಿ, ಅವಸರದಲ್ಲಿ, ಚಾಂಗಿ ವಿಮಾನ ನಿಲ್ದಾಣದಿಂದ ನೇರವಾಗಿ. ಪರಾರಿಯಾಗುವ ಮನುಷ್ಯ ಹೆಂಡತಿಯ ಕೈಹಿಡಿದು, ಬಾವುಟ ಹಿಡಿದ ಗೈಡಿನ ಹಿಂದೆ, ಹದಿನಾರು ಜನರ ಸಸ್ಯಾಹಾರಿ ತಂಡದಲ್ಲಿ ಶಾಂಘೈ ನೋಡಲು ಹೋಗುವುದಿಲ್ಲ. ಅವನ ಮದುವೆಯ ಇಪ್ಪತ್ತೈದನೇ ವರ್ಷ ಅದೇ ನವೆಂಬರಿನಲ್ಲಿ ಬಿದ್ದಿತ್ತು. ಸೆರಂಗೂನ್ ರಸ್ತೆಯ ಒಬ್ಬ ಏಜೆಂಟನ ಪಟ್ಟಿಯಲ್ಲಿ ಗುರುವಾರ ಹೊರಟು ಸೋಮವಾರ ಸಂಜೆ ಮರಳುವ ಪ್ರವಾಸವಿತ್ತು. ಭಾನುವಾರ ಮಧ್ಯಾಹ್ನದ ಮುಂದೆ 'ಫ್ರೀ ಅಂಡ್ ಈಜಿ' ಎಂದು ಅಚ್ಚಾಗಿತ್ತು. ಅಂದರೆ ಅಂಗಡಿ ಬೀದಿಯಲ್ಲಿ ಇಳಿಸಿಬಿಡುತ್ತಾರೆ, ಆರಕ್ಕೆ ಮತ್ತೆ ಕೂಡಬೇಕು. ಶಾಂಘೈನಿಂದ ದುಬೈ ವಿಮಾನ ಐದೂವರೆಗೆ. ಸೋಮವಾರ ಸುಘೋಷ್ ಕುದುರೆ ಒತ್ತುವಾಗ ಶಿವಯೋಗೀಶ ದಿವಾಕರನ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಸಿಂಗಪುರದವರು ಅವನಿಗಾಗಿ ಸಂಜೆಯ ವಿಮಾನ ಕಾಯುತ್ತಿರುತ್ತಾರೆ.

ರಜೆ ಚೀಟಿಗೆ ಸುಘೋಷ್ ನೋಡದೆ ಸಹಿ ಹಾಕಿದ. "ಸಿಲ್ವರ್ ಜೂಬಿಲಿ! ಎಂಜಾಯ್ ಮಾಡಿ ಅಂಕಲ್. ಆಂಟಿಗೆ ನನ್ನ ವಿಶಸ್ ಹೇಳಿ. ಕೀಲಿ ಮಾತ್ರ ಕೊಟ್ಟು ಹೋಗಿ."

ಉಳಿದದ್ದು ಆಂಟಿ. ಶ್ರೀದೇವಿ ಗದಗಿನವಳು. ಎಲ್‌ಆರ್‌ಟಿ ಡಬ್ಬಿ ಕಿಟಕಿಯ ಎದುರಿಗೇ ಹಾದುಹೋಗುವ ಆ ಆರನೇ ಮಹಡಿಯ ಮನೆಯಲ್ಲಿ, ಮಗಳು ವಿದ್ಯಾಶ್ರೀ ಮದುವೆಯಾಗಿ ಪರ್ತ್‌ಗೆ ಹೋದ ಮೇಲೆ, ಮಾತು ನಿಂತದ್ದು ಅವಳು ನಿದ್ದೆ ಮಾಡುವಾಗ ಮಾತ್ರ. ಶಿವಯೋಗೀಶ ಕಿವುಡನಾಗಲಿಲ್ಲ, ಸಂನ್ಯಾಸಿಯೂ ಆಗಲಿಲ್ಲ. 'ಹೂಂ' ಎನ್ನುವುದನ್ನು ಕಲಿತ. ಅವಳ ದನಿ ಕೊನೆಯಲ್ಲಿ ಮೇಲೇರಿದಾಗ ಒಂದು ಹೂಂ ಬಿಟ್ಟರೆ ಸಾಕು, ಬಂಡಿ ಮುಂದೆ ಹೋಗುತ್ತದೆ. ಬಾಯಿ ತಾನಾಗಿ ಹೂಂಗುಟ್ಟುತ್ತಿರುವಾಗ ತಲೆ ಬೇರೆಲ್ಲೋ ಕೆಲಸ ಮಾಡಬಹುದು. ಇಡೀ ಯೋಜನೆಯನ್ನು ಅವನು ಕಟ್ಟಿದ್ದೇ ಅವಳ ಮಾತಿನ ನೆರಳಲ್ಲಿ.

ದುಬೈ ವೀಸಾದ ಕಾಗದ ಬಂದ ಸಂಜೆಯೂ ಹಾಗೇ ಆಯಿತು. ಅವನು ಅದನ್ನು ಪತ್ರಿಕೆಯ ಮರೆಯಲ್ಲಿಟ್ಟು ಹೆಸರಿನ ಕಾಗುಣಿತ, ಪಾಸ್‌ಪೋರ್ಟ್ ಸಂಖ್ಯೆ, ತಾರೀಖು ಒಂದೊಂದನ್ನೂ ಮೂರು ಸಲ ತಾಳೆ ನೋಡುತ್ತಿದ್ದ. ಶ್ರೀದೇವಿ ಶೇಂಗಾ ಹುರಿಯುತ್ತಿದ್ದಳು.

"ಏನ್ರೀ, ಚಳಿಗೆ ಒಳಗ ಹಾಕೋ ಥರ್ಮಲ್ ಒಂದೊಂದು ಜೋಡಿ ಸಾಕಲ್ಲಾ?"

"ಹೂಂ."

"ಶೇಂಗಾ ಚಟ್ನಿ ಒಂದ್ ಕೆಜಿ ಒಯ್ಯೂಣು. ವೆಜ್ ಅಂತ ಹೇಳಿ ಏನ್ ತಿನಸ್ತಾರೋ ಏನೋ. ಮತ್ತ ಆ ಏಜೆಂಟ್ ಫೋನ್ ಮಾಡಿದ್ದ, ವೀಸಾ ಬ್ಯಾರೆ ಬ್ಯಾರೆ ಬೇಕೋ, ಎಲ್ಲಾರ್ದೂ ಕೂಡೇ ಮಾಡಸೋದೋ ಅಂತ. ಕೂಡೇ ಆದ್ರ ಅಗ್ಗ ಅಂತ. ಕೂಡೇನ ಇರ್ಲಿ ಅಂದುಬಿಡ್ಲ್ಯಾ?"

"ಹೂಂ."

"ಜೋಳದ ರೊಟ್ಟಿ ಕಡಕ್ ಮಾಡಿದ್ರ ಐದ್ ದಿನ ಕೆಡೂದಿಲ್ಲ. ನಾ ಏನ್ ಗ್ವಾಡಿ ಜೋಡಿ ಮಾತಾಡಾಕ ಹತ್ತೀನೇನು? ಇಷ್ಟೊತ್ತು ಏನ್ ಹೇಳ್ದೆ, ಒಂದರ ಹೇಳ್ರಿ ನೋಡೂಣು!"

"ಥರ್ಮಲ್ ಒಂದೊಂದು ಜೋಡಿ" ಅಂದ ಶಿವಯೋಗೀಶ. ಅವನು ಯಾವಾಗಲೂ ಮೊದಲನೆಯದನ್ನು ನೆನಪಿಟ್ಟುಕೊಳ್ಳುತ್ತಿದ್ದ. ಪಾಸಾಗಲು ಅಷ್ಟೇ ಸಾಕಾಗುತ್ತಿತ್ತು.

ಅವಳನ್ನು ಏನು ಮಾಡುವುದು ಎಂಬುದನ್ನೂ ಅವನು ಯೋಚಿಸಿದ್ದ. ಮನೆ ಇಬ್ಬರ ಹೆಸರಿನಲ್ಲಿತ್ತು. ಕರೆಂಟಿನ ಬಿಲ್ಲು, ಪಾಸ್‌ಪೋರ್ಟು, ಏಜೆಂಟು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ. ಪೊಲೀಸರು ಕೇಳಿದರೆ ಅವಳು ನಿಜವಾಗಿ ಅಳುತ್ತಾಳೆ, ನಿಜವಾಗಿ ಏನೂ ಗೊತ್ತಿಲ್ಲ ಅನ್ನುತ್ತಾಳೆ. ಅವರು ಎಷ್ಟು ಕೇಳಿದರೂ ಅವಳು ಅದಕ್ಕಿಂತ ಹೆಚ್ಚು ಹೇಳುತ್ತಾಳೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು. ಹೀಗೆ ಯೋಚಿಸಿದಾಗ ಎದೆಯಲ್ಲಿ ಏನೋ ಸಣ್ಣದು ಮಿಸುಕಿತು. ಅವನು ಅದಕ್ಕೂ ಒಂದು ಹೂಂ ಅಂದು ಸುಮ್ಮನಾಗಿಸಿದ.

ಶಾಂಘೈನಲ್ಲಿ ಇಳಿದಾಗ ಚಳಿ. ತಂಡದ ಮುಂದಾಳು ರಜನಿ, ಸಿಂಗಪುರದ ತಮಿಳು ಹೆಂಗಸು, ಕಿತ್ತಳೆ ಬಾವುಟ ಎತ್ತಿ ಎಲ್ಲರ ಕೈಗೂ ನಂಬರಿನ ಚೀಟಿ ಕೊಟ್ಟಳು. ಶ್ರೀದೇವಿ ಒಂಬತ್ತು, ಶಿವಯೋಗೀಶ ಹತ್ತು. ಇಮಿಗ್ರೇಶನ್ ಮುಂದೆ ಹದಿನಾರೂ ಜನ ಪ್ರೈಮರಿ ಶಾಲೆಯ ಮಕ್ಕಳ ಹಾಗೆ ನಂಬರಿನ ಪ್ರಕಾರ ನಿಂತರು. ಐದನೆಯವನು ಶೌಚಾಲಯಕ್ಕೆ ಹೋಗಿದ್ದಕ್ಕೆ ಆರನೆಯವಳಿಂದ ಹಿಂದಿನವರೆಲ್ಲ ಕಾದರು. ಸಿಂಗಪುರದಲ್ಲಿ ನಾಕು ವರ್ಷ ಇದ್ದರೆ ಸಾಕು, ಸಾಲು ಕಂಡಲ್ಲೆಲ್ಲ ನಿಲ್ಲುವ ಕಾಯಿಲೆ ಅಂಟುತ್ತದೆ ಎಂದುಕೊಂಡು ಶಿವಯೋಗೀಶ ಆಕಳಿಸಿದ. ಆಮೇಲೆ ರಜನಿ ಪಾಸ್‌ಪೋರ್ಟುಗಳನ್ನೆಲ್ಲ ವಾಪಸು ಪಡೆದು ರಬ್ಬರ್ ಬ್ಯಾಂಡ್ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಮೂರು ದಿನ ಅವನು ಕಾಲೆಳೆದುಕೊಂಡು ಊರು ನೋಡಿದ. ನದಿಯ ದಂಡೆ, ಗೋಲಿ ಪೋಣಿಸಿದಂಥ ಗೋಪುರ, ಜೇಡ್ ಬುದ್ಧ, ಮತ್ತು ನೋಡಲೇಬೇಕಾದ ರೇಷ್ಮೆ ಅಂಗಡಿ, ಮುತ್ತಿನ ಅಂಗಡಿ, ಚಹದ ಅಂಗಡಿ. ಎಲ್ಲೆಲ್ಲೂ ಕ್ರೇನು. ಶ್ರೀದೇವಿ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ, "ನೋಡ್ರಿ, ಇಷ್ಟ ಎತ್ತರಕ ಕಟ್ಟ್ಯಾರ, ಅರಿವಿ ಮಾತ್ರ ಹೊರಗ ಕೋಲಿಗೆ ಹಾಕ್ಯಾರ. ನಮ್ಮ ಬುಕಿತ್ ಪಂಜಾಂಗ್ ಇದ್ದಂಗ ಅದ. ಇದಕ್ಕ ಇಷ್ಟ ದೂರ ಬರಬೇಕಿತ್ತಾ?" ಅಂದಳು. ಶುಕ್ರವಾರದ ಹೊತ್ತಿಗೆ ಅವಳ ಚಟ್ನಿಯ ಡಬ್ಬಿ ಬಸ್ಸಿನ ಎಲ್ಲ ಸೀಟು ಸುತ್ತಿ ಬಂದಿತ್ತು. ಶನಿವಾರ ನದಿಯ ದಂಡೆಯಲ್ಲಿ ಫೋಟೋಕ್ಕೆ ನಿಂತಾಗ, "ಸ್ವಲ್ಪ ಸಮೀಪ ಬರ್ರಿ, ಇಪ್ಪತ್ತೈದು ವರ್ಷ ಆತು, ಇನ್ನೇನ್ ಕಡೀತೀನಿ" ಅಂದು ಎಲ್ಲರನ್ನೂ ನಗಿಸಿದಳು. ಅವನು ಸಮೀಪ ಸರಿದ. ಫೋಟೋ ಪೊಲೀಸರಿಗೆ ಉಪಯೋಗಕ್ಕೆ ಬರುತ್ತದಲ್ಲ ಎಂದು ಹೊಳೆದು ಮುಖ ತುಸು ತಿರುಗಿಸಿದ.

ಭಾನುವಾರ ಊಟವಾದ ಮೇಲೆ ಬ್ಯಾಂಕಿನಲ್ಲಿ ಡಾಲರ್ ಬದಲಿಸಬೇಕು, ಪಾಸ್‌ಪೋರ್ಟ್ ಬೇಕಂತೆ ಎಂದು ರಜನಿಯನ್ನು ಕೇಳಿದ. ಅವಳು ರಬ್ಬರ್ ಬ್ಯಾಂಡ್ ಬಿಚ್ಚಿ ಹುಡುಕಿ ಕೊಟ್ಟು, ತನ್ನ ಸಿಂಗಪುರ ಇಂಗ್ಲಿಷಿನಲ್ಲಿ ಅಂದಳು: "ಆರಕ್ಕೆ ವಾಪಸ್ ಕೊಡ್ಬೇಕು ಲಾ. ಓಡಿಹೋಗ್ಬೇಡಿ ಅಂಕಲ್, ನಿಮ್ಮನ್ನೆಲ್ಲ ಎಣಿಸಿ ಕರಕೊಂಡು ಬಂದಿದ್ದೀನಿ, ಎಣಿಸೇ ಕರಕೊಂಡು ಹೋಗ್ಬೇಕು." ಅಂಕಲ್ ಎಂದದ್ದಕ್ಕೆ ಅವನಿಗೆ ಅಂದು ಮೊದಲ ಸಲ ಸಿಟ್ಟು ಬರಲಿಲ್ಲ. ಇನ್ನೊಂದು ತಾಸಿಗೆ ಅವನು ಯಾರ ಅಂಕಲ್ಲೂ ಅಲ್ಲ.

ಅಂಗಡಿ ಬೀದಿಯ ಬಾಯಲ್ಲಿ ಶ್ರೀದೇವಿ ಹೆಂಗಸರ ಗುಂಪು ಸೇರಿಕೊಂಡು ತಿರುಗಿ ನೋಡಿದಳು. "ನಿಮಗೊಂದು ಸ್ವೆಟರ್ ತಗೋತೀನಿ. ಯಾವ ಬಣ್ಣ?"

"ಹೂಂ."

"ಹೂಂ ಅನ್ನೂ ಬಣ್ಣ ಯಾವ ಅಂಗಡ್ಯಾಗ ಸಿಗ್ತದ್ರೀ?" ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕು, ಕೈ ಬೀಸಿ, ಜನರಲ್ಲಿ ಕರಗಿಹೋದಳು. ಬೂದು ಬಣ್ಣ ಎಂದಾದರೂ ಹೇಳಬಹುದಿತ್ತು ಅನ್ನಿಸಿತು. ಅಷ್ಟರಲ್ಲಿ ಟ್ಯಾಕ್ಸಿ ನಿಂತಿತು.

ಟ್ಯಾಕ್ಸಿ ಅವನನ್ನು ರೈಲು ನಿಲ್ದಾಣದಲ್ಲಿ ಇಳಿಸಿತು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ರೈಲು ಹಳಿ ಮುಟ್ಟದೆ ಓಡುತ್ತದಂತೆ. ಡಬ್ಬಿಯೊಳಗಿನ ಫಲಕದಲ್ಲಿ ವೇಗ ಏರಿ ಏರಿ ನಾನೂರ ಮೂವತ್ತೊಂದಕ್ಕೆ ನಿಂತಿತು. ಮೂವತ್ತು ಕಿಲೋಮೀಟರು, ಎಂಟು ನಿಮಿಷ. ಬುಕಿತ್ ಪಂಜಾಂಗಿನಿಂದ ಉಬಿಗೆ ಅಷ್ಟೂ ದೂರವಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ಕೂರಲು ಸೀಟು ಸಿಕ್ಕಿತ್ತು. ಕೌಂಟರಿನ ಹುಡುಗಿ ದುಬೈ ಕಾಗದ ನೋಡಿ, ನಕ್ಕು, ಬೋರ್ಡಿಂಗ್ ಪಾಸ್ ಕೊಟ್ಟಳು. ಗಂಟೆ ಮೂರೂ ಮುಕ್ಕಾಲು. ಇಮಿಗ್ರೇಶನ್ ಸಾಲಿನಲ್ಲಿ ಅವನ ಮುಂದಿದ್ದದ್ದು ನಾಲ್ಕೇ ಜನ, ಯಾರ ಕೈಯಲ್ಲೂ ನಂಬರಿರಲಿಲ್ಲ.

ಕಿಟಕಿಯ ಹಿಂದಿನ ಅಧಿಕಾರಿ ಅವನ ಪಾಸ್‌ಪೋರ್ಟನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿಹಾಕಿದ. ಇನ್ನೊಬ್ಬನನ್ನು ಕರೆದ. ಇನ್ನೊಬ್ಬನಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು: ಚೀನಾ ವೀಸಾ ಎಲ್ಲಿ? ಶಿವಯೋಗೀಶ ತಾನೂ ತಿರುವಿಹಾಕಿ ನೋಡಿದ. ದುಬೈ ಕಾಗದವನ್ನು ಮೂರು ಸಲ ತಾಳೆ ನೋಡಿದವನು ತನ್ನ ಪಾಸ್‌ಪೋರ್ಟನ್ನು ಈ ಊರಿನಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಅದರಲ್ಲಿ ಚೀನಾದ ಒಂದು ಅಕ್ಷರವೂ ಇರಲಿಲ್ಲ. ಅಧಿಕಾರಿ ಕಂಪ್ಯೂಟರಿನಲ್ಲಿ ಹುಡುಕಿ ಬೆರಳೆತ್ತಿದ: ನೀನು ಗ್ರೂಪು, ನಂಬರ್ ಹತ್ತು, ಒಂದರಿಂದ ಒಂಬತ್ತು ಎಲ್ಲಿ? ಶಿವಯೋಗೀಶನ ಬ್ಯಾಗಿಗೆ ಕಟ್ಟಿದ್ದ ತಂಡದ ಕಿತ್ತಳೆ ಚೀಟಿಯಲ್ಲಿ ರಜನಿಯ ಫೋನ್ ನಂಬರಿತ್ತು. ಇಂಗ್ಲಿಷ್ ಬರುವವನು ಫೋನ್ ಮಾಡಿ, ಚೀನೀ ಇಂಗ್ಲಿಷ್ ಬೆರೆಸಿ ಏನೋ ಕೂಗಿ, ರಿಸೀವರನ್ನು ಶಿವಯೋಗೀಶನ ಕಿವಿಗೆ ಒತ್ತಿದ. ಆ ಕಡೆಯಿಂದ ಕೇಳಿದ್ದು ಶ್ರೀದೇವಿಯ ದನಿ. "ಏನ್ರೀ, ಏರ್‌ಪೋರ್ಟಿಗೆ ಯಾಕ ಹೋಗೀರಿ? ದಾರಿ ತಪ್ಪಿದ್ರೇನು? ನಾ ಅವತ್ತ ಹೇಳಿದ್ದಿಲ್ಲೇನ್ರೀ, ಎಲ್ಲಾರ್ದೂ ಕೂಡೇ ವೀಸಾ ಅಂತ? ಹದಿನಾರ್ ಮಂದಿಗೂ ಒಂದೇ ಹಾಳಿ, ರಜನಿ ಚೀಲದಾಗ ಅದ. ಬರೂದೂ ಕೂಡೇ, ಹೋಗೂದೂ ಕೂಡೇ. ಕೇಳಿದ್ದಕ್ಕ ನೀವ ಹೂಂ ಅಂದ್ರಿ!" ಅವಳ ಹಿಂದೆ ಹೆಂಗಸರ ಗದ್ದಲ, ಬೀದಿಯ ಗದ್ದಲ, ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿ ಅವಳ ಒಂದೊಂದು ಶಬ್ದವೂ ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ಇರ್ಲಿ ಬಿಡ್ರಿ, ಗಾಬ್ರಿ ಆಗಬ್ಯಾಡ್ರಿ. ಅಲ್ಲೇ ಕೂತಿರ್ರಿ, ನಾ ಬಂದು ಕರಕೊಂಡ ಹೋಗ್ತೀನಿ. ನಾಳೆ ಎಲ್ಲಾರೂ ಕೂಡೇ ಸಿಂಗಪುರಕ್ಕ ಹೋಗೂಣು. ಸ್ವೆಟರ್ ಬೂದು ಬಣ್ಣದ್ದು ತಗೊಂಡೀನಿ. ಕೇಳಿಸ್ತೇನ್ರೀ?" ಕೊನೆಯಲ್ಲಿ ಅವಳ ದನಿ ಮೇಲೇರಿತು. ಶಿವಯೋಗೀಶ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೂಂ" ಅಂದ.