ಪ್ರಮಿಳಾ ಅರ್ಧಕ್ಕೆ ಬಿಟ್ಟ ಚೀಲ

“ಒಯ್ಯಬ್ಯಾಡ್ರಿ ಅದನ್ನ. ಒಯ್ದರೂ ಹೊಲಿಗಿ ಮುಗಸಬ್ಯಾಡ್ರಿ. ಕಡೀ ಹೊಲಿಗಿ ಹಾಕಿದವರಿಗೆ ನನ್ನ ಮಗಳ ನೋವು ಹತ್ತತೈತಿ.”

ಗಂಗಾದೇವಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಮರನಿಗೆ ನಗು ಬಂದುಬಿಟ್ಟಿತು. ನಗಬಾರದ ಮನೆ, ನಗಬಾರದ ದಿನ. ಬೆಳಗಾವಿಯ ಟಿಳಕವಾಡಿಯಲ್ಲಿ ಅವನದು ಕೈಹೊಲಿಗೆಯ ಚರ್ಮದ ಚೀಲಗಳ ಅಂಗಡಿ. ಆ ಚೀಲಗಳನ್ನು ವರ್ಷಗಟ್ಟಲೆ ಹೊಲಿದುಕೊಟ್ಟವಳು ಗಂಗಾದೇವಿಯ ಮಗಳು ಪ್ರಮಿಳಾ. ಖಾನಾಪುರದ ಈ ಮನೆಗೆ ಅವನು ಕಾಲಿಟ್ಟದ್ದು ಮಾತ್ರ ಅವಳು ಸತ್ತ ಮೇಲೆ. ಸತ್ತವರ ಮನೆಯವರನ್ನು ಮಾತಾಡಿಸಲು ಬಂದವನಂತೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದನೇ ಹೊರತು, ಕಣ್ಣೆಲ್ಲ ಗೂಟಕ್ಕೆ ತೂಗುಹಾಕಿದ್ದ ಚೀಲದ ಮೇಲೆಯೇ ಇತ್ತು. ಕಂದು ಬಣ್ಣದ ದಪ್ಪ ತೊಗಲು. ಒಂದು ಬದಿ ಹೊಲಿದು ಮುಗಿದಿತ್ತು. ಇನ್ನೊಂದು ಬದಿ ಅರ್ಧಕ್ಕೆ ನಿಂತು, ದಾರದ ಎರಡೂ ತುದಿಯಲ್ಲಿ ಸೂಜಿಗಳು ಜೋತಾಡುತ್ತಿದ್ದವು. ಅದಕ್ಕಾಗಿ ಗೋವಾದ ಗಿರಾಕಿಯೊಬ್ಬ ಕಾಯುತ್ತಿದ್ದ.

ಪ್ರಮಿಳಾಳ ಹೆಬ್ಬೆರಳಿಗೆ ತೊಗಲು ತೂತು ಮಾಡುವ ಆರಿ ಚುಚ್ಚಿತ್ತು, ಕೈ ಬಾತು ಜ್ವರ ಏರಿತ್ತು. ಇದು ಅಮರನಿಗೆ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದನ್ನು ಗಂಗಾದೇವಿ ಹೇಳಿದಳು. ಕೊನೆಗೆ ಮಗಳು ಜೇನುಮೇಣ ಕರಗಿಸಿ, ಅದರಲ್ಲಿ ತನ್ನ ಗಾಯದ ರಕ್ತ ಕಲಸಿ ದಾರಕ್ಕೆ ತಿಕ್ಕಿದಳಂತೆ. ಕಾಡಿನ ಅಂಚಿನ ಮಂತ್ರವಾದಿಯೊಬ್ಬನಿಂದ ಯಾವಾಗಲೋ ಕಲಿತ ಮಾತನ್ನು ಒಂದೊಂದು ಹೊಲಿಗೆಗೂ ಗುನುಗಿದಳಂತೆ. ಸತ್ತ ಮೇಲೆ ತಾಯಿ ಆ ಹೊಲಿಗೆ ಬಿಚ್ಚಲು ಹೋದರೆ ದಾರಕ್ಕೆ ಚಾಕು ಹತ್ತಲಿಲ್ಲ. ಅದೇ ಮಂತ್ರವಾದಿಯ ಹತ್ತಿರ ಓಡಿದಳು. ಪ್ರಮಿಳಾ ಯಾಕೆ ಸತ್ತಳು ಎಂಬುದನ್ನು ಬಲ್ಲವರು ಬಾಯಿಬಿಟ್ಟು ಹೇಳಿದರೆ ಮಾತ್ರ ದಾರ ಸಡಿಲಾಗುತ್ತದೆ, ಬಿಚ್ಚುವ ಕೈ ಹೆತ್ತವಳದೇ ಆಗಬೇಕು, ಬಿಚ್ಚಿದರಷ್ಟೇ ಹತ್ತಿದ ನೋವು ಇಳಿಯುತ್ತದೆ ಎಂದು ಹೇಳಿ ಅವನು ಬಾಗಿಲು ಹಾಕಿಕೊಂಡ.

“ನನಗ ಆಕಿ ಏನೂ ಹೇಳಲಿಲ್ರಿ. ನಿಮಗೇನರ ಹೇಳಿದ್ಲೇನು?”

“ಇಲ್ರೀ ಅವ್ವಾರ,” ಎಂದ ಅಮರ. “ನನಗೇನೂ ಗೊತ್ತಿಲ್ಲ.”

ಹಸಿ ಸುಳ್ಳು. ಪ್ರಮಿಳಾ ಅವನಿಗೆ ಫೋನ್ ಮಾಡಿದ್ದಳು, ದವಾಖಾನೆಗೆ ಹೋಗಬೇಕು ಎಂದು ಕೇಳಿದ್ದಳು, ಅವನು ಈಗ ಬೇಡವೆಂದಿದ್ದ. ಅಂದಿನಿಂದ ಫೋನ್ ಗುಂಯ್ ಎಂದರೂ ಸಾಕು, ಅವನು ಅದನ್ನು ಬೋರಲು ಹಾಕಿಬಿಡುತ್ತಿದ್ದ. ಹಾಗಂತ ಚೀಲ ಬಿಟ್ಟು ಬಂದನೇ? ಇಲ್ಲ. ಮಾಟವಂತೆ, ಮಂತ್ರವಂತೆ ಎಂದು ಗೊಣಗಿಕೊಂಡು, ಚೀಲವನ್ನು ಗಾಡಿಯ ಹಿಂದಿನ ಸೀಟಿಗೆ ಎಸೆದು ಬೆಳಗಾವಿಯ ದಾರಿ ಹಿಡಿದ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅರ್ಧ ಎಳೆದ ಶಟರಿನ ಕೆಳಗಿನಿಂದ ಬರುವ ಬೆಳಕೇ ಬೆಳಕು. ಅಮರ ಸ್ಟೂಲಿನ ಮೇಲೆ ಕೂತು, ಕಟ್ಟಿಗೆಯ ಇಕ್ಕಳವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಅದರಲ್ಲಿ ಚೀಲ ಸಿಕ್ಕಿಸಿದ. ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಮುಂದುವರಿಸುವಾಗ ಹಳೆಯ ದಾರಕ್ಕೆ ಗಂಟು ಹಾಕಿ ತಮ್ಮ ದಾರದಿಂದ ಶುರು ಮಾಡುವುದು ಈ ಕಸುಬಿನ ರೂಢಿ. ಆದರೆ ಗಂಟು ಬಿದ್ದರೆ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಅಮರ ಪ್ರಮಿಳಾಳ ದಾರವನ್ನೇ ಹಿಡಿದ, ಅವಳ ಎರಡು ಸೂಜಿಗಳನ್ನೇ ಎತ್ತಿಕೊಂಡ.

ಒಂದೇ ತೂತಿನಲ್ಲಿ ಎಡಗೈ ಸೂಜಿ ಈ ಕಡೆಯಿಂದ, ಬಲಗೈ ಸೂಜಿ ಆ ಕಡೆಯಿಂದ ತೂರಿ, ಎರಡೂ ಕೈ ಸಮನಾಗಿ ಜಗ್ಗಬೇಕು. ಮೊದಲು ಎಲ್ಲವೂ ಸರಿಯಾಗಿಯೇ ಇತ್ತು. ತೊಗಲಿನ ವಾಸನೆ, ಮೇಣದ ವಾಸನೆ, ಸ್ಟೇಶನ್ ಕಡೆಯಿಂದ ರೈಲಿನ ಕೂಗು. ಆಮೇಲೆ ಗಾಯಕ್ಕೆ ಮೆತ್ತುವ ಅರಿಶಿನದ ವಾಸನೆ ಬಂತು. ಅದರ ಅಡಿಯಲ್ಲಿ ಕೀವಿನ ನಾತ. ದಾರ ಬೆಚ್ಚಗಾಗತೊಡಗಿತು. ಬೆರಳಿಗೆ ಅಂಟು. ಅವನು ಎಡಗೈ ಸೂಜಿಯನ್ನು ತೂರಿ ಬೆವರು ಒರೆಸಿಕೊಳ್ಳಲು ಬಲಗೈ ಎತ್ತಿದ. ಬಲಗಡೆಯ ಸೂಜಿ ತಾನಾಗಿಯೇ ತೂತಿನೊಳಗೆ ಹೋಯಿತು.

ದಾರ ಬಿಗಿಯಿತು. ಆ ಕಡೆಯಿಂದ ಯಾರೋ ಜಗ್ಗುತ್ತಿದ್ದರು. ಅವನಷ್ಟೇ ಬಲವಾಗಿ, ಅವನಿಗಿಂತ ಅಚ್ಚುಕಟ್ಟಾಗಿ. ಅಮರ ಸೂಜಿ ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ಕೈ ತಾನೇ ಹೊಲಿಯುತ್ತಿತ್ತು. ತೂರು, ಜಗ್ಗು. ತೂರು, ಜಗ್ಗು. ಕಿವಿಯ ಹತ್ತಿರ ಬಿಸಿ ಉಸಿರು. ಜ್ವರದ ಉಸಿರು. ಗುನುಗು. ಕತ್ತರಿಗೆ ಕೈ ಚಾಚಿದ. ಎಟುಕಲಿಲ್ಲ. ಕೂಗಿದ. ಸದ್ದು ಹೊರಡಲಿಲ್ಲ. ಇನ್ನೊಂದೇ ತೂತು ಉಳಿದಿತ್ತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮೊಣಕಾಲಿನಿಂದ ಇಕ್ಕಳವನ್ನು ಒದ್ದ. ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದ. ಬೆರಳು ಬಿಟ್ಟಿತು. ತೆವಳಿಕೊಂಡು ಹಿತ್ತಲಿನ ನಲ್ಲಿಗೆ ಹೋಗಿ ತಲೆಯೊಡ್ಡಿ ಕೂತ. ತಪ್ಪು ನನ್ನದು, ನನ್ನದು ಎಂದು ನೀರಿಗೆ ಹೇಳಿದ. ನೀರಿಗೆ ಹೇಳುವುದೇನು ಕಷ್ಟ?

ತಿರುಗಿ ಬಂದಾಗ ಸ್ಟೂಲಿನ ಮೇಲೆ ಮಗಳು ಸೃಷ್ಟಿ ಕೂತಿದ್ದಳು. ಕಾಲೇಜಿನಿಂದ ನೇರ ಅಂಗಡಿಗೆ ಬಂದಿದ್ದಳು. ಅವಳಿಗೆ ಹೊಲಿಗೆ ಕಲಿಸಿದವಳೇ ಪ್ರಮಿಳಾ. ಕೊನೆಯ ತೂತಿನಲ್ಲಿ ಆಗಲೇ ಎರಡೂ ಸೂಜಿ ದಾಟಿದ್ದವು, ಜಗ್ಗುವುದಷ್ಟೇ ಬಾಕಿ. ಹುಡುಗಿಯ ಕಣ್ಣು ತುಂಬಿತ್ತು.

“ಸೃಷ್ಟಿ, ಕೆಳಗಿಡು. ಅದಕ್ಕ ಮಾಟ ಮಾಡ್ಯಾರ.”

“ಯಾರು?”

“ಪ್ರಮಿಳಾ.”

ಅವಳು ತಂದೆಯನ್ನು ದಿಟ್ಟಿಸಿದಳು. “ಅಕ್ಕ ಯಾಕ ಮಾಟ ಮಾಡ್ತಾಳಪ್ಪ? ಆಕಿಗೆ ಯಾರೇನು ಮಾಡಿದ್ರು?”

ಒಂದು ಮಾತು ಸಾಕಿತ್ತು. ಹಾರಿ ಕಸಿದುಕೊಂಡಿದ್ದರೂ ಸಾಕಿತ್ತು, ಆದರೆ ಕಸಿದುಕೊಂಡರೆ ಮಗಳು ಮತ್ತೆ ಯಾಕೆ ಎಂದೇ ಕೇಳುತ್ತಾಳೆ. ಅಪ್ಪ ಎಂದರೆ ಅವಳಿಗೆ ಬಲು ಒಳ್ಳೆಯವನು. ಆ ಕಣ್ಣಿನಲ್ಲಿ ಸಣ್ಣವನಾಗಲು ಅಮರನಿಗೆ ಆಗಲಿಲ್ಲ. ಇನ್ನೊಂದು ಸುಳ್ಳಿಗಾಗಿ ತಡಕಾಡಿದ. ಅಷ್ಟರಲ್ಲಿ ಸೃಷ್ಟಿ, ಅಕ್ಕನ ಕೆಲಸ ಅರ್ಧಕ್ಕೆ ನಿಲ್ಲಬಾರದು ಎನ್ನುತ್ತ ಎರಡೂ ಕೈಯಿಂದ ದಾರ ಜಗ್ಗಿಬಿಟ್ಟಳು.

ಚೀಲದೊಳಗಿಂದ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಏನೋ ಚುಚ್ಚಿದಂತೆ ಸೃಷ್ಟಿ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಳು.

ಮರುದಿನ ಬೆಳಗಾಗುವಷ್ಟರಲ್ಲಿ ಅವಳ ಕೈ ಮೊಣಕೈವರೆಗೆ ಬಾತಿತ್ತು. ದವಾಖಾನೆಯಲ್ಲಿ ಸೂಜಿ ಚುಚ್ಚಿದರು, ರಕ್ತ ತಪಾಸಣೆ ಮಾಡಿದರು, ಏನೂ ಕಾಣುತ್ತಿಲ್ಲ ಎಂದರು. ಕೆಂಪು ಗೆರೆಯೊಂದು ತೋಳಿನ ಗುಂಟ ಭುಜದ ಕಡೆ ಹತ್ತುತ್ತಲೇ ಇತ್ತು. ಅಮರ ಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು, ಚೀಲ ತೆಗೆದುಕೊಂಡು ಖಾನಾಪುರಕ್ಕೆ ಓಡಿದ.

ಗಂಗಾದೇವಿ ಒಲೆಯ ಮುಂದೆ ಕೂತಿದ್ದಳು. ಅವನು ನೆಲಕ್ಕೆ ಕುಸಿದು, ಮುಖ ಎತ್ತದೆ ಹೇಳಿದ.

“ಕಡೀ ಹೊಲಿಗಿ ನನ್ನ ಮಗಳು ಹಾಕಿಬಿಟ್ಲು ಅವ್ವಾರ. ಪ್ರಮಿಳಾ ನನಗ ಫೋನ್ ಮಾಡಿದ್ಲು. ಕೈ ಬಾತೈತಿ, ದವಾಖಾನಿಗೆ ಹೋಗ್ತೀನಿ ಅಂದ್ಲು. ನಾನು… ಕೆಲಸ ಮುಗಿಸಿ ಹೋಗು ಅಂದೆ.”

ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಅವನಿಗೆ ಹಾಗೇನೂ ಆಗಲಿಲ್ಲ. ಗಂಗಾದೇವಿ ಚೀಲ ಎತ್ತಿಕೊಂಡು ಹೊಲಿಗೆಯ ಅಡಿಗೆ ಉಗುರು ಹಾಕಿದಳು. ದಾರ ಮೆತ್ತಗೆ ಮೇಲೆದ್ದಿತು. ಅಮರನಿಗೆ ಅಳು ಒತ್ತರಿಸಿ ಬಂತು.

“ಈಗ ಬಿಚ್ಚತೈತಿ,” ಎಂದಳು ಅವಳು. ಚೀಲವನ್ನು ಗೂಟಕ್ಕೆ ಹಾಕಿದಳು. “ಕುಂದರ್ರಿ. ನನಗ ರೊಟ್ಟಿ ಬಡಿಯೂದೈತಿ. ಕೆಲಸ ಮುಗಿಸಿ ಬಿಚ್ಚತೀನಿ.”

ಲಗೂನ ಬಿಚ್ಚರಿ ಎನ್ನಲು ಅಮರ ಬಾಯಿ ತೆರೆದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಮಾತು ಆಡಲು ಅವನಿಗೆ ಯಾವ ಬಾಯಿಯಿತ್ತು? ಹೊರಗೆ ಗಾಡಿಯಲ್ಲಿ ಸೃಷ್ಟಿ ನರಳಿದಳು. ಗಂಗಾದೇವಿ ಒಲೆ ಊದಿದಳು, ಹಂಚು ಇಟ್ಟಳು, ಹಿಟ್ಟಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಮುಚ್ಚಳ ತೆಗೆದಳು. ಡಬ್ಬಿ ತುಂಬ ಹಿಟ್ಟಿತ್ತು.