ಕತ್ತರಿಸಿದ ಉಸಿರು

"ನನ್ನ ಉಸಿರೆಲ್ಲ ಎಲ್ಲಿ ಹೋಯ್ತು ರೀ?"

ಸ್ಟುಡಿಯೋ ಬಾಗಿಲಲ್ಲಿ ನಿಂತು ಧ್ಯಾನದ ಮೇಷ್ಟ್ರು ಹೀಗೆ ಕೇಳಿದಾಗ ಅವಳು ಹೆಡ್‌ಫೋನ್ ತೆಗೆದು ಪಿಳಿಪಿಳಿ ನೋಡಿದಳು. ಅವಳು ಸೌಂಡ್ ಎಡಿಟರ್. ಜಾಹೀರಾತಿನವರ ಮಾತಿನ ನಡುವೆ ಬರುವ ಉಸಿರಾಟದ ಸದ್ದನ್ನು ಕತ್ತರಿಸಿ ಬಿಸಾಡುವುದು ಅವಳ ಕಸುಬು. ಮೇಷ್ಟ್ರು ರೆಕಾರ್ಡ್ ಮಾಡಿ ಹೋಗಿದ್ದ ಧ್ಯಾನದ ಪಾಠಗಳಿಗೂ ಅದೇ ಗತಿ ಕಾಣಿಸಿದ್ದಳು.

"ನೀಟಾಗಿ ಕ್ಲೀನ್ ಮಾಡಿದೀನಲ್ಲ," ಎಂದಳು ಹೆಮ್ಮೆಯಿಂದ.

"ಅದೇ ತೊಂದರೆ. 'ನನ್ನ ಜೊತೆ ಉಸಿರು ತಗೊಳ್ಳಿ' ಅಂತೀನಿ, ಆಮೇಲೆ ನಾನೇ ತಗೊಳ್ಳಲ್ಲ. ಪಾಪ, ಒಬ್ಬರು ಅಜ್ಜಿ ನನಗೋಸ್ಕರ ಕಾದು ಕಾದು ಉಸಿರು ಕಟ್ಟಿಕೊಂಡು ಕೂತಿದ್ರಂತೆ."

ಅವಳು ನಗು ತಡೆಯಲು ನೋಡಿ ಸೋತಳು. ಆತನ ತುಟಿಯೂ ಒಂದು ಕಡೆ ಓರೆಯಾಯಿತು.

"ನೀವು ಧ್ಯಾನ ಮಾಡಿ ನೋಡೇ ಇಲ್ವಾ?"

"ನಾನಾ? ಮನೇಲಿ ನಮ್ಮಕ್ಕ ನನ್ನ ಕರೆಯೋದೇ ಚಡಪಡಿ ಅಂತ."

ಅಕ್ಕ ಇಟ್ಟ ಹೆಸರು ಸುಳ್ಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಇವಳು. ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ಇನ್ನೊಂದಕ್ಕೆ ಹಾರುವವಳು. ಹಿಂದೊಮ್ಮೆ ಪ್ರೀತಿಸಿದವನು, "ನಿನ್ನ ಹತ್ರ ಒಂದು ಮಾತು ಪೂರ್ತಿ ಆಡೋಕಾಗಲ್ಲ" ಎಂದು ಹೇಳಿ ಹೋಗಿದ್ದ. ಆ ಮಾತು ಇನ್ನೂ ಚುಚ್ಚುತ್ತಿತ್ತು.

"ಕಣ್ಣು ಮುಚ್ಚಿ," ಎಂದ ಆತ. "ಮನಸ್ಸು ಓಡುತ್ತೆ, ಓಡ್ಲಿ. ಓಡಿದ್ದು ಗೊತ್ತಾದ ತಕ್ಷಣ ಉಸಿರಿನ ಹತ್ತಿರ ಕರ್ಕೊಂಡು ಬನ್ನಿ. ಬೈಬೇಡಿ ಅಷ್ಟೇ."

"ಮತ್ತೆ ಓಡಿದ್ರೆ?"

"ಮತ್ತೆ ಕರೀರಿ. ಕರೆಯೋದೇ ಧ್ಯಾನ."

ಆ ವಾರವೆಲ್ಲ ಅವಳು ಕತ್ತರಿಸಿದ ಉಸಿರುಗಳನ್ನು ಒಂದೊಂದಾಗಿ ಹುಡುಕಿ ಅವುಗಳ ಜಾಗಕ್ಕೆ ಸೇರಿಸಿದಳು. ಕೇಳುತ್ತ ಕೇಳುತ್ತ ಅವಳ ಉಸಿರೂ ನಿಧಾನವಾಯಿತು. ಮೇಜಿನ ಕೆಳಗೆ ಸದಾ ಕುಣಿಯುತ್ತಿದ್ದ ಕಾಲು ಸುಮ್ಮನಾಗಿದ್ದು ಕಂಡು ಅವಳಿಗೇ ಸೋಜಿಗ.

ಅದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿತ್ತು. ಪಾಠದುದ್ದಕ್ಕೂ ಸರಾಗವಾಗಿದ್ದ ಆತನ ಉಸಿರು "ಈಗ ನಿಧಾನವಾಗಿ ಕಣ್ಣು ತೆರೆಯಿರಿ" ಎಂದ ಮೇಲೆ ಎಡವುತ್ತಿತ್ತು. ಎಲ್ಲ ಪಾಠದಲ್ಲೂ ಅಲ್ಲೇ. ಆತ ಕಣ್ಣು ಮುಚ್ಚಿಕೊಂಡೇ ಮಾತಾಡುವವನು. ಕಣ್ಣು ತೆರೆಯುವುದು ಆ ವಾಕ್ಯಕ್ಕೆ. ತೆರೆದರೆ ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ಎದುರಿಗೆ ಕಾಣುವುದು, ರೆಕಾರ್ಡ್ ಮಾಡುತ್ತ ಕೂತ ಇವಳೇ.

"ಕೆಮ್ಮಿರಬೇಕು, ಸುಮ್ನಿರೇ," ಎಂದಳು ಅಕ್ಕ, ಮನೆಯಲ್ಲಿ ಇದನ್ನು ಹೇಳಿದಾಗ.

ಸುಮ್ಮನಿರುವುದು ಹೇಗೆ? ಕೊನೆಯ ಪಾಠದ ರೆಕಾರ್ಡಿಂಗ್ ಬಂತು. ಅದು ಮುಗಿದರೆ ಆತ ಇಲ್ಲಿಗೆ ಬರಲು ಕಾರಣವೇ ಇಲ್ಲ. ಕೇಳದಿದ್ದರೆ ಆತ ಹೋಗಿಬಿಡುತ್ತಾನೆ, ಕೇಳಿ, ಅದು ಬರೀ ಕೆಮ್ಮಾಗಿದ್ದರೆ ಇವಳ ಮರ್ಯಾದೆ ಹೋಗುತ್ತದೆ. ಆತ ಕಣ್ಣು ಮುಚ್ಚಿದ್ದೇ ತಡ, ಅವಳು ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಮುದುಡಿ ಕೂತಳು.

"ಈಗ ನಿಧಾನವಾಗಿ ಕಣ್ಣು ತೆರೆಯಿರಿ."

ಹೆಡ್‌ಫೋನಿನಲ್ಲಿ ಉಸಿರು ನೆಟ್ಟಗೆ ಬಂತು. ಎಡವಲಿಲ್ಲ. ಆಮೇಲೆ ಪಾಠದಲ್ಲಿಲ್ಲದ ಒಂದು ಮಾತು, ಗಾಬರಿಯ ದನಿಯಲ್ಲಿ: "ರೀ, ಎಲ್ಲಿ ಹೋದ್ರಿ?"

ಅವಳು ಕೆದರಿದ ಕೂದಲಲ್ಲಿ ಮೇಲೆದ್ದು ಕುರ್ಚಿಯಲ್ಲಿ ಕೂತು ಮೈಕಿನ ಗುಂಡಿ ಒತ್ತಿದಳು.

"ಪರೀಕ್ಷೆ ಮಾಡ್ತಿದ್ದೆ. ಕಣ್ಣು ಬಿಟ್ಟಾಗ ನಾನು ಕಂಡ್ರೆ ನಿಮ್ಮ ಉಸಿರು ಎಡವುತ್ತೆ. ಇವತ್ತು ನಾನು ಕಾಣಲಿಲ್ಲ, ಅದು ಎಡವಲಿಲ್ಲ. ಯಾಕೆ?"

ಆತನ ಕಿವಿ ಕೆಂಪಾಯಿತು. ಮೈಕಿನ ತಂತಿಯನ್ನು ಬೆರಳಿಗೆ ಸುತ್ತತೊಡಗಿದ. ಅವಳ ಮನಸ್ಸು ಕಾಲಿಗೆ ಬುದ್ಧಿ ಹೇಳಿತು: ನಗಿಸು, ತಮಾಷೆ ಅಂದುಬಿಡು, ಎದ್ದು ನಡೆ. ಅವಳು ಬೈಯದೆ ಅದನ್ನು ಕರೆತಂದಳು. ಮತ್ತೆ ಓಡಿತು. ಮತ್ತೆ ಕರೆತಂದಳು. ಒಳಗೆಲ್ಲೋ ಒಂದು ನೆಮ್ಮದಿ. ಉತ್ತರ ಏನೇ ಬರಲಿ, ಕೇಳಿಸಿಕೊಳ್ಳಬಲ್ಲೆ ಅನ್ನಿಸಿತು.

"ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ," ಎಂದ ಆತ ಕೊನೆಗೆ. "ಊರಿಗೆಲ್ಲ ಶಾಂತಿ ಹೇಳಿಕೊಡ್ತೀನಿ. ನಿಮ್ಮನ್ನ ನೋಡಿದ್ರೆ ನಂದೇ ಕೆಡುತ್ತೆ. ನೀವಂದ್ರೆ ನಂಗೆ ತುಂಬಾ ಇಷ್ಟ. ಹೇಳೋಣ ಅಂದ್ಕೊಂಡಾಗಲೆಲ್ಲ ನೀವು ಎದ್ದು ಹೋಗಿರ್ತಿದ್ರಿ. ಇವತ್ತು..."

ಮಾತು ಅಲ್ಲೇ ನಿಂತಿತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಗಾಜಿನ ಬಾಗಿಲು ತೆಗೆದು ಒಳಗೆ ಹೋಗಿ, ಆತನೆದುರಿಗೆ ಸ್ಟೂಲ್ ಎಳೆದುಕೊಂಡು ಕೂತಳು.

"ಪೂರ್ತಿ ಹೇಳಿ," ಎಂದಳು. "ನಾನೆಲ್ಲೂ ಹೋಗಲ್ಲ."